ಸೋತವರು ಮರಳುವ ಊರು

ಲೀಗ್‌ನಲ್ಲಿ ಸೋತವರಿಗೆ ಮುಂದಿನ ವಾರವಿರುತ್ತದೆ. ನಾಕೌಟ್‌ನಲ್ಲಿ ಒಂದೇ ಸೋಲಿಗೆ ಊರಿಗೆ ಬಸ್ಸು. ಈ ‘ಊರು’ ಎಂಬ ಪದ ನನ್ನನ್ನು ಕಾಡತೊಡಗಿದ್ದು ಟಿಬೆಟನ್ನರ ಫುಟ್‌ಬಾಲ್ ಚರಿತ್ರೆ ಓದುವಾಗ.

ದಲೈಲಾಮಾ ಅವರ ತಾಯಿ ಡಿಕಿ ಸೆರಿಂಗ್ 1981ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಅದೇ ವರ್ಷ ಶುರುವಾದದ್ದು ಗ್ಯಾಲ್ಯುಮ್ ಚೆನ್ಮೊ ಸ್ಮಾರಕ ಚಿನ್ನದ ಕಪ್. ನೆಲ ಬಿಟ್ಟು ಬಂದ ಟಿಬೆಟನ್ನರ ಮಟ್ಟಿಗೆ ರಾಷ್ಟ್ರೀಯ ಕಪ್ ಎಂದರೆ ಇದೇ. ಆದರೆ ಇದಕ್ಕೆ ಲ್ಹಾಸಾದಿಂದ ತಂಡ ಬರುವುದಿಲ್ಲ. ಬರುವವರು ಬೈಲಕುಪ್ಪೆ, ಮುಂಡಗೋಡ, ಧರ್ಮಶಾಲೆಯಂಥ ಕಡೆಯವರು. ಕಳೆದುಹೋದ ದೇಶದ ನೆನಪಿಗೆ ಆಡುವ ಕಪ್‌ನಲ್ಲಿ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯೊಂದರ ಹೆಸರು!

1960ರಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಅವರಿಗೆ ಸುಮಾರು 3000 ಎಕರೆ ಕೊಟ್ಟಿತು. ಆಮೇಲೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ನೆಲೆಯಾಯಿತು. ನಮ್ಮ ಕಡೆ ಇಂದಿಗೂ ‘ಕ್ಯಾಂಪ್’ ಎನ್ನುತ್ತೇವೆ. ಮೂರನೇ ತಲೆಮಾರು ಹುಟ್ಟಿ ಬೆಳೆದ ಜಾಗಕ್ಕೆ ಗುಡಾರದ ಹೆಸರು. ಅವರಿಗೂ ಅದು ಬೇಕಿರಬಹುದು. ಊರು ಎಂದುಬಿಟ್ಟರೆ ಹಿಂದಿರುಗುವ ಹಟ ಸಡಿಲಗೊಂಡೀತು. ಹಾಗಾದರೆ ಆಸರೆಯಾದ ನೆಲವನ್ನು ಪೂರ್ತಿಯಾಗಿ ಪ್ರೀತಿಸುವುದು ಬಿಟ್ಟುಬಂದ ನೆಲಕ್ಕೆ ಬಗೆದ ದ್ರೋಹವೇ?

ನನಗೆ ಹಾಗನ್ನಿಸುವುದಿಲ್ಲ. 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಟಿಬೆಟ್ ತಂಡ ಗ್ರೀನ್‌ಲ್ಯಾಂಡ್ ಎದುರು 1–4ರಿಂದ ಸೋತಿತು. ಎರಡೂ ಫಿಫಾ ಸದಸ್ಯರಲ್ಲ. ಅಂದು ಆಡಿದ್ದು ದೇಶದ ಹೆಸರಿನಲ್ಲಿ. ಸೋತ ಮೇಲೆ ಮರಳಲು ಆ ದೇಶದಲ್ಲಿ ಜಾಗವಿರಲಿಲ್ಲ. ಚಿನ್ನದ ಕಪ್‌ನಲ್ಲಿ ಸೋತ ಬೈಲಕುಪ್ಪೆಯ ಹುಡುಗನಿಗೆ ಆ ಜಾಗವಿದೆ. ಕೊಪ್ಪದಲ್ಲಿ ಬಸ್ಸಿಳಿದು, ಮುಸುಕಿನ ಜೋಳದ ಹೊಲಗಳ ದಾರಿ ಹಿಡಿದು, ಬೈಸಿಕೊಳ್ಳುತ್ತಲೇ ಮನೆ ಸೇರುತ್ತಾನೆ. ಸೋತು ಬಂದಾಗ ಬೈಯಲು ಜನರಿರುವ ಜಾಗ ಊರಲ್ಲದೆ ಇನ್ನೇನು? ಅಲ್ಲಿ ನಿಂತೇ ಲ್ಹಾಸಾಕ್ಕೆ ಹಂಬಲಿಸಲು ಅಡ್ಡಿಯೇನೂ ಇಲ್ಲ.

ಹಾಗಂತ ಇದನ್ನು ನಮ್ಮ ಆತಿಥ್ಯದ ಹೆಮ್ಮೆಯಾಗಿ ಹೇಳಿಕೊಳ್ಳಲು ನನಗೆ ಬಾಯಿ ಬರುವುದಿಲ್ಲ. ನಾಗರಹೊಳೆ ಕಾಡು ಬಿಟ್ಟುಬಂದ ಜೇನುಕುರುಬರಿಗೆ ಇದೇ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಮನೆ ಕೊಟ್ಟೆವು. ಅದನ್ನು ಇಂದಿಗೂ ‘ಪುನರ್ವಸತಿ ಕೇಂದ್ರ’ ಎನ್ನುತ್ತೇವೆ. ಅವರು ಬಿಟ್ಟುಬಂದ ನೆಲ ಹಿಮಾಲಯದ ಆಚೆಗಿಲ್ಲ. ಅಲ್ಲೇ, ಕಾಡಂಚಿನ ಕಂದಕದ ಆಚೆಗಿದೆ.