ಮದ್ದು ಹತ್ತಿದ್ದರೆ

ನವಲಗುಂದದ ಕಡೆ ಕಟ್ಟೆಯ ಮೇಲೆ ಕೂತ ಹಿರಿಯರು ನರಗುಂದದ ಬಂಡಾಯದ ಮಾತು ತೆಗೆದರೆ, ಅದು ಕೊನೆಗೆ ಬಂದು ನಿಲ್ಲುವುದು ಮದ್ದಿನ ಮೇಲೆ. ಮದ್ದಿನ್ಯಾಗ ಕಲಬೆರಕಿ ಆಗಿತ್ತು, ಇಲ್ಲಂದ್ರ ಬಾಬಾಸಾಹೇಬ ಸಿಗತಿದ್ದಿಲ್ಲ. ಕಿತ್ತೂರಿನ ಕಥೆಯಲ್ಲೂ ಇದೇ ಮದ್ದು, ಇದೇ ಕಲಬೆರಕೆ, ಇಂಥದೇ ಮನೆಮುರುಕ. 1824ರಲ್ಲಿ ಒಂದು ಕೋಟೆ, 1858ರಲ್ಲಿ ಇನ್ನೊಂದು. ಎರಡರ ತೋಪೂ ಒಂದೇ ಕಾರಣಕ್ಕೆ ಮೂಕವಾದವೇ? ಹಾಗೇ ಆಗಿತ್ತೋ ಏನೋ. ಆದರೆ ಸೋತವರಿಗೆ ಹಣೆಬರಹವೆನ್ನುವುದಕ್ಕಿಂತ ದ್ರೋಹವೆನ್ನುವುದು ಸುಲಭ. ಹಣೆಬರಹಕ್ಕೆ ಹೆಸರಿಲ್ಲ, ದ್ರೋಹಿಗೆ ಇದೆ.

ಮದ್ದು ಹತ್ತಿದ್ದರೆ ಏನಾಗುತ್ತಿತ್ತು? 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ನರಗುಂದದ ಅರಸ ಬಾಬಾಸಾಹೇಬ ಭಾವೆ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಲ್ಲಿಸಿದ. ಅವನ ರುಂಡ ನರಗುಂದದ ಅಗಸೆಗೆ ಬಂತು. ಜೂನ್ 1ಕ್ಕೆ ಕಂಪನಿಯ ಪಡೆ ಊರ ಮುಂದಿತ್ತು. ಅದೇ ದಿನ ಕೊಪ್ಪಳದಲ್ಲಿ, ಅವನಂತೆಯೇ ಬಂಡೆದ್ದಿದ್ದ ಮುಂಡರಗಿ ಭೀಮರಾಯ ಬಿದ್ದ. ತೊರಗಲ್ ಕಾಡಿನಲ್ಲಿ ಸಿಕ್ಕ ಬಾಬಾಸಾಹೇಬನಿಗೆ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ಅಷ್ಟು ಹೊತ್ತಿಗೆ ದಿಲ್ಲಿ ಬಿದ್ದು ಎಂಟು ತಿಂಗಳಾಗಿತ್ತು, ಲಖನೌವೂ ಹೋಗಿತ್ತು. ಒಳ್ಳೆಯ ಮದ್ದು ಅವನಿಗೆ ಇನ್ನೊಂದು ವಾರ ಕೊಡುತ್ತಿತ್ತು, ಬಹಳವೆಂದರೆ ಒಂದು ಮಳೆಗಾಲ.

ಹೀಗಾಗಿ ಕೇಳಬೇಕಾದದ್ದು ಗೆದ್ದಿದ್ದರೆ ಎಂದಲ್ಲ, ಬಂಡೇಳದೆ ಇದ್ದಿದ್ದರೆ ಎಂದು. ಈ ಪ್ರಶ್ನೆಗೆ ಉತ್ತರ ಊಹಿಸಬೇಕಿಲ್ಲ. ಅದು ಮಲಪ್ರಭೆಯ ದಂಡೆಯ ಮೇಲೆ ರಾಮದುರ್ಗವೆಂಬ ಹೆಸರಿನಲ್ಲಿ ನಿಂತಿದೆ.

ರಾಮದುರ್ಗದ ಅರಸ ಬಾಬಾಸಾಹೇಬನ ಮಲಸಹೋದರ. ಅವನು ಇಂಗ್ಲಿಷರ ಕಡೆ ಉಳಿದ. ನರಗುಂದದ ದಾರಿ ಬೇಡವೆಂದು ಮ್ಯಾನ್ಸನ್ನನಿಗೆ ಎಚ್ಚರಿಕೆಯನ್ನೂ ಕೊಟ್ಟಿದ್ದ. ಸಂಸ್ಥಾನ ಉಳಿಯಿತು, 1948ರವರೆಗೆ.

ಇನ್ನು ಜಗಳದ ಬೇರು. ಬಾಬಾಸಾಹೇಬನಿಗೆ ಗಂಡು ಸಂತಾನ ಇರಲಿಲ್ಲ, ದತ್ತಕಕ್ಕೆ ಕಂಪನಿ ಒಪ್ಪಲಿಲ್ಲ. ಕಿತ್ತೂರಿನದೂ ಇದೇ ತಂಟೆ. ಕಂಪನಿಗೆ ಅದು ಕಂದಾಯದ ಲೆಕ್ಕ. ಅರಸನಿಗೆ ಪಿಂಡದ ಲೆಕ್ಕ. ದತ್ತಹೋಮವಾದ ಮಗನಿಗೆ ಹೆತ್ತ ಮಗನ ಅಧಿಕಾರವನ್ನೇ ಧರ್ಮಶಾಸ್ತ್ರ ಕೊಡುತ್ತದೆ. ಅವನು ನೀರು ಬಿಟ್ಟರೆ ಹಿರಿಯರಿಗೆ ಮುಟ್ಟುತ್ತದೆ. ಆ ನೀರಿಗೂ ಗವರ್ನರನ ಸಹಿ ಬೇಕೆಂದಾಗ ಹೋದದ್ದು ಬರೀ ಜಹಗೀರಲ್ಲ.

ನೇಣಾದ ವರ್ಷವೇ, ನವೆಂಬರ್ 1ರಂದು, ಧರ್ಮದಲ್ಲಿ ಕೈಹಾಕುವುದಿಲ್ಲವೆಂದು ರಾಣಿಯ ಘೋಷಣೆ ಹೊರಟಿತು. ಕೆಲವೇ ವರ್ಷಗಳಲ್ಲಿ ವೈಸರಾಯ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿದ. ರಾಮದುರ್ಗದ ಮನೆತನಕ್ಕೂ ಸನದು ಸಿಕ್ಕಿತು.

ನಮ್ಮ ದಾರ್ಶನಿಕರು ಬಹಳ ಹೆದರಿದ್ದು ಎರಡು ದೋಷಗಳಿಗೆ: ಕೃತಹಾನಿ, ಅಂದರೆ ಮಾಡಿದ್ದರ ಫಲ ಮಾಡಿದವನಿಗೆ ಸಿಗದೆ ಹೋಗುವುದು, ಅಕೃತಾಭ್ಯಾಗಮ, ಮಾಡದವನಿಗೆ ಸಿಗುವುದು. ಇವೆರಡು ಆಗಕೂಡದೆಂದೇ ಅವರು ಜನ್ಮಾಂತರದವರೆಗೆ ಕರ್ಮದ ಕಡತ ಕಾದಿಟ್ಟರು. ಭಾವೆ ಮನೆತನದ ಲೆಕ್ಕ ಆ ಕಡತದಲ್ಲಿ ಹೇಗೆ ಕೂಡುತ್ತದೆ? ಒಬ್ಬ ಕೊರಳು ಕೊಟ್ಟ, ಇನ್ನೊಬ್ಬನ ಮನೆಗೆ ಮಗ ಬಂದ. ಕೊಲೆಯ ಫಲ ನೇಣು, ಅಲ್ಲಿಗೆ ಮುಗಿಯಿತು ಎನ್ನುವವರಿದ್ದಾರೆ. ಮ್ಯಾನ್ಸನ್ನನ ರುಂಡವನ್ನು ಮರೆತು ಬಾಬಾಸಾಹೇಬನನ್ನು ಹುತಾತ್ಮನೆನ್ನಲು ಬರುವುದಿಲ್ಲ ಎಂಬುದು ಸರಿಯೇ. ಆದರೆ ಮಲಪ್ರಭೆಯಲ್ಲಿ ಹೆಣವಾಗಿ ಸಿಕ್ಕ ಅವನ ತಾಯಿ, ಹೆಂಡತಿ ಮಾಡಿದ್ದೇನು? ಪೂರ್ವಜನ್ಮದ ಮಾತು ಇಲ್ಲಿ ಉತ್ತರವಲ್ಲ, ಬಾಯಿ ಮುಚ್ಚಿಸುವ ಉಪಾಯ.

ಫಲ ಒಬ್ಬನದಲ್ಲ, ಊರಿನದು ಎಂದುಕೊಂಡರೆ ಮಾತ್ರ ಗಂಟು ಸ್ವಲ್ಪ ಸಡಿಲುತ್ತದೆ. ಈ ಸೀಮೆಯ ಒಕ್ಕಲಿಗರಿಗೆ ಅದನ್ನು ಶಾಸ್ತ್ರ ಕಲಿಸಬೇಕಿಲ್ಲ. ಅದೇ ಮಲಪ್ರಭೆಯ ಕಾಲುವೆಯ ಕರದ ವಿರುದ್ಧ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗಿಳಿದು ಗುಂಡಿಗೆ ಬಲಿಯಾದರು. ಈಗಲೂ ಪ್ರತಿ ವರ್ಷ ಆ ದಿನ ಅವರ ವೀರಗಲ್ಲಿಗೆ ಮಾಲೆ ಹಾಕುವವರಲ್ಲಿ ಆಗ ಹುಟ್ಟೇ ಇರದವರು ಬಹಳ.