ಸುಖದ ಲೆಕ್ಕ: ಸ್ಪೋರ್ಟ್ಸ್ ಕಾರಿನ ನೆಪದಲ್ಲಿ

ಸುಖಪಡುವುದು ತಪ್ಪೆ? ಹೀಗೆ ನೇರವಾಗಿ ಕೇಳಿದರೆ ಯಾರೂ ಹೌದೆನ್ನಲಾರರು. ನಾಲ್ಕು ಪುರುಷಾರ್ಥಗಳಲ್ಲಿ ಕಾಮವನ್ನೂ ಒಂದೆಂದು ಎಣಿಸಿದ ಪರಂಪರೆ ನಮ್ಮದು. ಆದರೆ ಒಬ್ಬನ ಸುಖಕ್ಕೆ ತಗಲುವ ವೆಚ್ಚದಲ್ಲಿ ಒಂದು ಪಾಲನ್ನು ಇನ್ನೊಬ್ಬನು ತೆರಬೇಕಾಗಿ ಬಂದಾಗ ಉತ್ತರ ಅಷ್ಟು ಸುಲಭವಲ್ಲ. ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಸ್ಪೋರ್ಟ್ಸ್ ಕಾರು ಒಳ್ಳೆಯ ವಸ್ತು. ಉಳಿದ ವಾಹನಗಳಿಗೆ ಏನಾದರೊಂದು ಅಗತ್ಯದ ಆಸರೆ ಇರುತ್ತದೆ: ಕಚೇರಿಗೆ ಹೋಗಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು, ರಜೆಯಲ್ಲಿ ಊರಿಗೆ ಹೋಗಬೇಕು. ಸ್ಪೋರ್ಟ್ಸ್ ಕಾರಿಗೆ ಆ ಆಸರೆಯಿಲ್ಲ. ಸಾಮಾನ್ಯವಾಗಿ ಅದರಲ್ಲಿ ಇಬ್ಬರು ಕೂಡಬಹುದು. ಎರಡು ಚೀಲ ಇಟ್ಟರೆ ಜಾಗ ಮುಗಿಯಿತು. ಅದು ಇರುವುದೇ ಓಡಿಸುವ ಸಂತೋಷಕ್ಕಾಗಿ.

ನಮ್ಮಂಥ ಹೊರನಾಡಿನ ಕುಟುಂಬಗಳಲ್ಲಿ ಈ ವಿಚಾರಕ್ಕೆ ಇನ್ನೊಂದು ಮುಖವೂ ಇದೆ. ಲೋಕಲ್ ರೈಲು, ಬಸ್ಸುಗಳಲ್ಲಿ ನಿಂತು ಆಯುಷ್ಯ ಸವೆಸಿದ ತಲೆಮಾರು ಕಾರು ಕೊಳ್ಳುವ ದಿನ ಬಂದಾಗ ಮೊದಲು ಕೇಳಿದ್ದು, "ಲೀಟರಿಗೆ ಎಷ್ಟು ಕೊಡುತ್ತದೆ?" ಎಂದು. ಅದೇ ಮನೆಯಲ್ಲಿ ಬೆಳೆದು ಕೈತುಂಬ ಸಂಬಳ ತರುವ ಮಗನೋ ಮಗಳೋ ಇಂದು ಕೇಳುವುದು, "ದುಡಿಮೆ ನನ್ನದು, ಪೆಟ್ರೋಲಿನ ಹಣವೂ ನನ್ನದು, ಇದರಲ್ಲಿ ತಪ್ಪೇನಿದೆ ಅಪ್ಪಾ?" ಎಂದು. ಎರಡೂ ಮಾತುಗಳಲ್ಲಿ ಸತ್ಯವಿದೆ; ಎರಡರಲ್ಲಿಯೂ ಕೊರತೆಯಿದೆ.

ಮೊದಲು ಮಕ್ಕಳ ವಾದವನ್ನು ನೋಡೋಣ. ಹಣ ಕೊಟ್ಟವನಿಗೆ ಹಕ್ಕಿದೆ ಎಂಬ ಮಾತು ಸಮೃದ್ಧಿಯ ಕಾಲದಲ್ಲಿ ಸರಿಯಾಗಿಯೇ ಕೇಳಿಸುತ್ತದೆ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲದ ಸರಬರಾಜಿಗೆ ತಡೆ ಹಾಕಿದಾಗ ಅದರ ಮಿತಿ ತಿಳಿಯಿತು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪೋರ್ಷೆ ಕಾರಿನ ತವರಾದ ಪಶ್ಚಿಮ ಜರ್ಮನಿಯಲ್ಲಿ ಆ ವರ್ಷದ ನವೆಂಬರ್ 25ರಿಂದ ನಾಲ್ಕು ಭಾನುವಾರ, ಅಗತ್ಯದ ಕೆಲವು ವಾಹನಗಳ ಹೊರತು, ಕಾರು ಓಡಿಸುವುದನ್ನೇ ನಿಷೇಧಿಸಿದರು. ಜನ ಹೆದ್ದಾರಿಗಳ ಮೇಲೆ ಕಾಲುನಡಿಗೆಯಲ್ಲಿ ಹೋದರು, ಸೈಕಲ್ ತುಳಿದರು. ವೇಗಕ್ಕೆ ಮಿತಿಯೇ ಇಲ್ಲದಿದ್ದ ಆಟೋಬಾನ್ ರಸ್ತೆಗಳಲ್ಲಿ ಗಂಟೆಗೆ 100 ಕಿ.ಮೀ. ಮಿತಿ ಬಂತು. ಜೇಬಿನಲ್ಲಿ ಎಷ್ಟು ಹಣವಿದ್ದರೂ ನಿಯಮ ಒಂದೇ ಆಗಿತ್ತು. ಆದರೆ ಆ ಒಮ್ಮತ ಬಹಳ ದಿನ ಉಳಿಯಲಿಲ್ಲ. 1974ರಲ್ಲಿ ಅಲ್ಲಿಯ ವಾಹನ ಚಾಲಕರ ದೊಡ್ಡ ಸಂಘವಾದ ಎ.ಡಿ.ಎ.ಸಿ. "ಸ್ವತಂತ್ರ ನಾಗರಿಕರಿಗೆ ಸ್ವತಂತ್ರ ಸಂಚಾರ" ಎಂಬರ್ಥದ ಘೋಷಣೆಯನ್ನೆತ್ತಿತು. ಮಾರ್ಚಿಯಲ್ಲಿ ಮಿತಿಯೂ ಹೋಯಿತು. ಇಂದಿಗೂ ಆ ಹೆದ್ದಾರಿಗಳ ಅನೇಕ ಭಾಗಗಳಲ್ಲಿ 130 ಕಿ.ಮೀ. ಎಂಬುದು ಸಲಹೆಯೇ ಹೊರತು ಕಟ್ಟಳೆಯಲ್ಲ.

ಕೊರತೆ ಕಣ್ಣಿಗೆ ಕಂಡಾಗ ಪೆಟ್ರೋಲು ಎಲ್ಲರ ಸೊತ್ತು, ಕಾಣದಿದ್ದಾಗ ಕೊಂಡವನ ಸೊತ್ತು. ಇದು ಜರ್ಮನರೊಬ್ಬರ ಸ್ವಭಾವವೇನಲ್ಲ, ಮನುಷ್ಯಸ್ವಭಾವ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುವಂಥದ್ದು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ತೆರಿಗೆ ಕಟ್ಟಿದ್ದೇವಲ್ಲ ಎನ್ನಬಹುದು. ತೆರಿಗೆ ಬೊಕ್ಕಸಕ್ಕೆ ಸೇರಿತು, ಹೊಗೆ ಎಲ್ಲರ ಆಕಾಶಕ್ಕೆ ಸೇರಿತು. ಹವಾಮಾನ ಕೆಟ್ಟಾಗ ಮೊದಲು ಸೋಲುವವನು ಮಳೆಯನ್ನೇ ನಂಬಿದ ರೈತ. ಅವನ ಮನೆಯ ಮುಂದೆ ಯಾವ ಕಾರೂ ಇರಲಿಕ್ಕಿಲ್ಲ. ಬೆಲೆ ಕೊಟ್ಟ ಮಾತ್ರಕ್ಕೆ ಋಣ ತೀರುವುದಿಲ್ಲ.

ಹಾಗಾದರೆ ಹಿರಿಯರ ಮಾತೇ ಗೆದ್ದಂತಾಯಿತೆ? ಅದೂ ಇಲ್ಲ. ಲೀಟರಿಗೆ ಎಷ್ಟು ಎಂಬುದು ಕಾರಿನ ಗುಣವಷ್ಟೇ ಅಲ್ಲ, ಓಡಿಸುವವನ ಪಾದದ ಗುಣವೂ ಹೌದು. 2008ರಲ್ಲಿ ಬಿ.ಬಿ.ಸಿ.ಯ 'ಟಾಪ್ ಗೇರ್' ಕಾರ್ಯಕ್ರಮದಲ್ಲಿ ಒಂದು ಪ್ರಯೋಗ ಮಾಡಿದರು. ಮಿತವ್ಯಯಕ್ಕೆ ಹೆಸರಾದ ಟೊಯೋಟಾ ಪ್ರಿಯಸ್ ಕಾರನ್ನು ಓಟದ ಪಥದಲ್ಲಿ ಅದರ ಶಕ್ತಿಮೀರಿ ಓಡಿಸಿದರು. ಅದರ ಹಿಂದೆಯೇ ಬಿ.ಎಂ.ಡಬ್ಲ್ಯು. ಎಂ3 ಎಂಬ ಬಲಶಾಲಿ ಕಾರು ಆರಾಮವಾಗಿ ಹಿಂಬಾಲಿಸಿತು. ಪ್ರಿಯಸ್ ಲೀಟರಿಗೆ ಸುಮಾರು 6 ಕಿ.ಮೀ. ಕೊಟ್ಟರೆ ಎಂ3 ಸುಮಾರು 7 ಕಿ.ಮೀ. ಕೊಟ್ಟಿತು! ಇದು ನಗಿಸಲು ಮಾಡಿದ ಪ್ರಯೋಗ. ನಿತ್ಯದ ರಸ್ತೆಯಲ್ಲಿ ಪ್ರಿಯಸ್ಸೇ ಕಡಿಮೆ ಕುಡಿಯುತ್ತದೆ. ಆದರೂ ನಗೆಯ ಹಿಂದೆ ವಿಷಯವಿದೆ.

ಅದಕ್ಕಿಂತ ದೊಡ್ಡ ಮಾತನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಷ್ಟು ಹಿಂದೆಯೇ ಕಲ್ಲಿದ್ದಲನ್ನು ಕುರಿತು ಬರೆದ ಪುಸ್ತಕದಲ್ಲಿ ಹೇಳಿದ್ದಾನೆ. ಉಗಿಯಂತ್ರಗಳು ಕಡಿಮೆ ಇದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಇದ್ದಲಿನ ಬಳಕೆ ಇಳಿಯಲಿಲ್ಲ, ಏರಿತು. ಅಗ್ಗವಾದದ್ದನ್ನು ಜನ ಹೆಚ್ಚೆಚ್ಚು ಬಳಸಿದರು. ನಮ್ಮ ಮನೆಗಳಲ್ಲಿಯೂ ಇದೇ ಕಥೆ. "ಹೇಗೂ ಒಳ್ಳೆಯ ಮೈಲೇಜ್ ಕೊಡುತ್ತದೆ" ಎಂದುಕೊಂಡು ನಾಲ್ಕು ಹೆಜ್ಜೆಯ ತರಕಾರಿ ಅಂಗಡಿಗೂ ಕಾರು ಹೊರಡುತ್ತದೆ. ಲೆಕ್ಕ ಹಾಕಿ ನೋಡಿ. ಲೀಟರಿಗೆ 8 ಕಿ.ಮೀ. ಕೊಡುವ ಸ್ಪೋರ್ಟ್ಸ್ ಕಾರನ್ನು ವರ್ಷಕ್ಕೆ 2,000 ಕಿ.ಮೀ. ಓಡಿಸಿದರೆ ಆಗುವ ಖರ್ಚು 250 ಲೀಟರ್. 20 ಕಿ.ಮೀ. ಕೊಡುವ ಸಾಧು ಕಾರನ್ನು 15,000 ಕಿ.ಮೀ. ಓಡಿಸಿದರೆ 750 ಲೀಟರ್. ಆ 750ರಲ್ಲಿ ಅಗತ್ಯದ ಪಾಲೆಷ್ಟು, ಆಲಸ್ಯದ ಪಾಲೆಷ್ಟು ಎಂಬುದನ್ನು ಆಯಾ ಮನೆಯವರೇ ಹೇಳಬೇಕು. ಆಲಸ್ಯಕ್ಕೆ ಸುರಿದ ಪೆಟ್ರೋಲು ಸಂತೋಷಕ್ಕೆ ಸುರಿದ ಪೆಟ್ರೋಲಿಗಿಂತ ಪವಿತ್ರವೇನೂ ಅಲ್ಲ.

ಇನ್ನು ಸಂತೋಷದ ವಿಚಾರ. ಅದು ಪೆಟ್ರೋಲಿನಲ್ಲಿಯೇ ಇದೆಯೆ? 2005ರಲ್ಲಿ ಬಂದ ಬುಗಾಟಿ ವೇರಾನ್ ಕಾರಿಗೆ ಸಾವಿರ ಅಶ್ವಶಕ್ತಿ. ಗಂಟೆಗೆ 400 ಕಿ.ಮೀ. ಮೀರಿದ ತನ್ನ ಪೂರ್ಣ ವೇಗದಲ್ಲಿ ಓಡಿದರೆ ಅದರ 100 ಲೀಟರ್ ಟ್ಯಾಂಕು ಸುಮಾರು 12 ನಿಮಿಷದಲ್ಲಿ ಬರಿದು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ವೇಗದಲ್ಲಿ ಎಂಜಿನ್ ಕೊಡುವ ಬಲದ ಬಹುಪಾಲು ಗಾಳಿಯನ್ನು ತಳ್ಳಲಿಕ್ಕೇ ಹೋಯಿತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದದ್ದು ಜಪಾನಿನ ಮಜ್ದಾ ಎಂಎಕ್ಸ್-5. 1989ರಲ್ಲಿ ಬಂದಾಗ ಅದರ ಎಂಜಿನ್ 1.6 ಲೀಟರಿನದು, ತೂಕ ಒಂದು ಟನ್ನಿಗೂ ಕಡಿಮೆ. ಸವಾರನೂ ಕುದುರೆಯೂ ಒಂದೇ ದೇಹವಾಗಬೇಕು ಎಂಬರ್ಥದ 'ಜಿನ್ಬಾ ಇತ್ತಾಯ್' ಎಂಬ ಮಾತೇ ಅದನ್ನು ರೂಪಿಸಿದವರ ಮಂತ್ರ. 2016ರ ಹೊತ್ತಿಗೆ ಅಂಥ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಅಷ್ಟೂ ಜನ ಕೊಂಡದ್ದು ಬಲವನ್ನಲ್ಲ, ಹಗುರವನ್ನು.

ಓಡಿಸುವ ಕಲೆ ಬಲ್ಲವನು ತಿರುವನ್ನು ದೂರದಿಂದಲೇ ಓದುತ್ತಾನೆ. ಎಷ್ಟು ಬೇಕೋ ಅಷ್ಟೇ ವೇಗವಿಟ್ಟುಕೊಂಡು ಒಳಹೊಕ್ಕು, ಬ್ರೇಕನ್ನು ಆದಷ್ಟು ಕಡಿಮೆ ಮುಟ್ಟಿ ಹೊರಬರುತ್ತಾನೆ. ಒಂದೊಂದು ಸಲ ಬ್ರೇಕು ಒತ್ತಿದಾಗಲೂ ಪೆಟ್ರೋಲು ಕೊಟ್ಟು ಪಡೆದ ವೇಗ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಮಿತವ್ಯಯಕ್ಕೂ ಓಡಿಸುವ ಸುಖಕ್ಕೂ ಬೇಕಾದದ್ದು ಒಂದೇ: ಎಚ್ಚರ. ನಾನೂರು ಅಶ್ವಶಕ್ತಿಯ ಕಾರು ಮುಂಬಯಿಯ ಸಂಜೆಯ ಗದ್ದಲದಲ್ಲಿ ಮೊದಲ ಗೇರಿನಲ್ಲಿ ತೆವಳುವಾಗ ಸುಖವೂ ಇಲ್ಲ, ಮಿತವೂ ಇಲ್ಲ. ಇರುವುದು ನಾಲ್ಕು ಜನ ನೋಡಲಿ ಎಂಬ ಆಸೆ ಮಾತ್ರ.

ಇಷ್ಟಾದರೂ ಎಚ್ಚರದಿಂದ ಓಡಿಸಿದರೆ ಖರ್ಚೇ ಇಲ್ಲವೆಂದಲ್ಲ. ಅಗತ್ಯವಿಲ್ಲದ ಪ್ರಯಾಣಕ್ಕೆ ಸುಟ್ಟ ಪೆಟ್ರೋಲು ಸುಟ್ಟದ್ದೇ. ವಿದ್ಯುತ್ ಕಾರಿನಿಂದ ಈ ಹೊರೆ ತಗ್ಗೀತು, ಇಲ್ಲವಾಗದು. ನಮ್ಮ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದೇ. ಉಳಿದ ಆ ಪಾಲಿಗೆ ಏನು ಸಮಾಧಾನ? ಹಬ್ಬದ ಹೋಳಿಗೆಗೆ ಬಡಿಸುವ ತುಪ್ಪವನ್ನು ಯಾರೂ ಅಳೆಯುವುದಿಲ್ಲ. ಆದರೆ ದಿನವೂ ಹೋಳಿಗೆ ಮಾಡುವ ಮನೆಯೂ ಇಲ್ಲ. ಹಬ್ಬದ ಸುಖಕ್ಕೆ ಬೆಲೆ ಬಂದದ್ದೇ ಉಳಿದ ದಿನಗಳ ಸಾರು ಅನ್ನದಿಂದ. ಭಾನುವಾರದ ಬೆಳಗ್ಗೆ ಘಾಟಿಯ ರಸ್ತೆಯಲ್ಲಿ ಕಾರು ಓಡಿಸಿ ಹಿಗ್ಗುವವನು ವಾರವೆಲ್ಲ ಲೋಕಲ್ ರೈಲಿನಲ್ಲಿ ಕಚೇರಿಗೆ ಹೋಗಲು ಒಪ್ಪಿದರೆ, ಅವನ ಸುಖಕ್ಕೆ ಕಲ್ಲು ಹಾಕುವ ಅಧಿಕಾರ ನಮಗಿಲ್ಲ. ಒಪ್ಪದಿದ್ದರೆ, ಆ ಪಾಲನ್ನು ಬೇರೆಯವರ ಎಲೆಯಿಂದ ಎತ್ತಿಕೊಂಡಂತೆಯೇ ಸರಿ.

ಆದ್ದರಿಂದ ಹಿರಿಯರು "ಲೀಟರಿಗೆ ಎಷ್ಟು?" ಎಂಬುದರ ಜೊತೆಗೆ "ವರ್ಷಕ್ಕೆ ಎಷ್ಟು ಲೀಟರ್?" ಎಂದೂ ಕೇಳುವುದೊಳಿತು, ತಮ್ಮ ಕಾರಿನ ವಿಷಯದಲ್ಲಿಯೂ. ಕಿರಿಯರು "ಹಣ ನನ್ನದು" ಎನ್ನುವ ಮೊದಲು "ಈ ಸುಖಕ್ಕಾಗಿ ನಾನು ಬಿಟ್ಟದ್ದೇನು?" ಎಂದು ಕೇಳಿಕೊಳ್ಳಲಿ. ಇಬ್ಬರೂ ಪ್ರಾಮಾಣಿಕವಾಗಿ ಉತ್ತರ ಕೊಟ್ಟರೆ ಮನೆಯ ಜಗಳ ಮುಗಿಯದಿದ್ದರೂ ಜಗಳವಾಡಲು ಯೋಗ್ಯವಾದ ವಿಷಯ ಯಾವುದೆಂದಾದರೂ ತಿಳಿದೀತು.