ರಕ್ತ ನಿಂತಾಗ ಜೀವ

ಮಹಾಪಧಮನಿಯ ಕಮಾನಿನ ಶಸ್ತ್ರಚಿಕಿತ್ಸೆಯಲ್ಲಿ ದೇಹವನ್ನು ಕೆಲವೊಮ್ಮೆ 18–20 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ ರಕ್ತಪರಿಚಲನೆಯನ್ನೇ ನಿಲ್ಲಿಸುತ್ತಾರೆ. ಆಗ ಉಸಿರಿಲ್ಲ, ನಾಡಿಯಿಲ್ಲ; ಮಿದುಳಿನ ವಿದ್ಯುತ್ ಅಲೆಗಳೂ ಅಡಗಿರುತ್ತವೆ. ಬೆರಳಿನ ಆಕ್ಸಿಮೀಟರ್‌ಗೆ ನಾಡಿಮಿಡಿತ ಬೇಕು, ಆದ್ದರಿಂದ ಅದು ಇಲ್ಲಿ ಉಪಯೋಗಕ್ಕೆ ಬಾರದು. ಅದರ ಬದಲು ಹಣೆಯ ಎರಡೂ ಬದಿಗೆ ಅಂಟಿಸಿದ ಸಂವೇದಕಗಳು ಕಣ್ಣಿಗೆ ಕಾಣದ ಬೆಳಕನ್ನು ತಲೆಬುರುಡೆಯೊಳಕ್ಕೆ ಹಾಯಿಸಿ, ಮಿದುಳಿನ ಮುಂಭಾಗದ ರಕ್ತದಲ್ಲಿರುವ ಆಮ್ಲಜನಕದ ಮಟ್ಟವನ್ನು ತೋರಿಸುತ್ತವೆ. ಅದು ಆರಂಭದ ಮಟ್ಟಕ್ಕಿಂತ ಶೇ. 20ರಷ್ಟು ಇಳಿದರೆ ಎಚ್ಚರಿಕೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಉಳಿದ ದೇಹದ ಪರಿಚಲನೆ ನಿಂತಿರುವಾಗಲೂ ಕೆಲವೊಮ್ಮೆ ಮಿದುಳಿಗೆ ಮಾತ್ರ ಕೊಳವೆಯಿಂದ ರಕ್ತ ಹರಿಸುತ್ತಾರೆ; ಹಾಗೆ ಬಲಗಡೆಯಿಂದ ಮಾತ್ರ ಹರಿಸುವಾಗ ಎಡಬದಿಯ ಅಂಕಿ ಕುಸಿದರೆ, ಎಡಕ್ಕೂ ಬೇರೆ ಕೊಳವೆ ಬೇಕಾಗಬಹುದು.

ಈ ಸ್ಥಿತಿಯಲ್ಲಿರುವ ವ್ಯಕ್ತಿ ಬದುಕಿದ್ದಾನೆಯೇ? ಉಸಿರೇ ಪ್ರಾಣವೆಂದರೆ ಉತ್ತರ ಸಿಗದು. ಉಸಿರು ನಿಂತರೂ ಜೀವವಿದೆಯೇ ಎಂಬ ಈ ಪ್ರಶ್ನೆ ಸಮಾಧಿಗಳ ನೆಲವಾದ ಸೊಲ್ಲಾಪುರದ ಸೀಮೆಗೆ ಹೊಸದಲ್ಲ. 12ನೇ ಶತಮಾನದ ಶಿವಯೋಗಿ ಸಿದ್ಧರಾಮರ ಸಮಾಧಿ ಅಲ್ಲಿನ ಕೆರೆಯ ಗುಡಿಯಲ್ಲಿದೆ. ಅದೇ ಸೀಮೆಯ ಅಕ್ಕಲಕೋಟೆಯಲ್ಲಿ ಸಂತ ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಸ್ಥರಾದರು. ಭಕ್ತರು ಸಮಾಧಿಯನ್ನು ಸಾವೆಂದು ಕರೆಯುವುದಿಲ್ಲ. ಆದರೂ ಸಮಾಧಿಯನ್ನೂ ಶಸ್ತ್ರಚಿಕಿತ್ಸೆಯ ಈ ಸ್ಥಿತಿಯನ್ನೂ ಒಂದೆನ್ನುವುದು ಸಲ್ಲದು: ಯೋಗಿ ಅರಿವಿನಿಂದಲೇ ಒಳಸರಿದವನು, ರೋಗಿ ಅರಿವಳಿಕೆಯಲ್ಲಿ ಮಲಗಿದವನು. ಭಾರತದ 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳುಕಾಂಡದ ಎಲ್ಲ ಕಾರ್ಯಗಳೂ ಶಾಶ್ವತವಾಗಿ, ಮರಳದಂತೆ ನಿಂತರೆ ಅದು ಸಾವು. ತಂಪಾದ ದೇಹದಲ್ಲಿ ಮರಳುವ ಸಾಧ್ಯತೆ ಉಳಿದಿದೆ. ಅದಕ್ಕಾಗಿಯೇ ಮಿದುಳಿನ ಆಮ್ಲಜನಕದ ಅಂಕಿಯ ಮೇಲೆ ಇಷ್ಟು ನಿಗಾ. ಆದರೆ ಮಿದುಳಿನ ಆಳದ ಭಾಗಗಳನ್ನು ಹಣೆಯ ಸಂವೇದಕಗಳು ಮುಟ್ಟಲಾರವು.